ಗೆಲ್ಲು ಚಿಗುರಿದೆ ಮಾರಾಯ

ಗೆಳೆಯಾ,

ನಿನ್ನ ಫೋಟೋ ನೋಡಿದೆ. ಓಹಾಯೋದ ಹಿತ್ತಿಲಲ್ಲಿ ನಾಲ್ಕು ಒಣ ಕಡ್ಡಿ, ಕೆಳಗೆ 'ದಾಸವಾಳ ಸತ್ತುಹೋಯ್ತು' ಅಂತ ಒಂದು ಸಾಲು. ಸತ್ತಿಲ್ಲ, ಅಗೆಯಬೇಡ. ಅದು ನಮ್ಮೂರಿನ ಜಾತಿಯಲ್ಲ. ಹಿಬಿಸ್ಕಸ್ ಮೊಶೂಟಸ್, ಅಮೆರಿಕದ ಪೂರ್ವ ಭಾಗದ ಜೌಗು ನೆಲದ್ದೇ ಗಿಡ. ಚಳಿಗೆ ಮೇಲಿನದ್ದೆಲ್ಲ ಒಣಗುತ್ತದೆ, ಬೇರು ಬದುಕಿರುತ್ತದೆ. ಅಕ್ಕಪಕ್ಕದ್ದೆಲ್ಲ ಹಸಿರಾದ ಮೇಲೂ ಅದು ಏಳುವುದಿಲ್ಲ. ಮೇ ಕೊನೆಯವರೆಗೂ ಕಾಯಬೇಕಾಗಬಹುದು. ನೆಲದಿಂದ 4-5 ಇಂಚು ಬಿಟ್ಟು ಕಡ್ಡಿ ಕತ್ತರಿಸು, ಜಾಗ ಗುರುತು ಸಿಗುತ್ತದೆ. ಮಣ್ಣು ಒಣಗಲು ಬಿಡಬೇಡ. ಕೆಲವು ತಳಿಗಳ ಹೂ 10-12 ಇಂಚು ಅಗಲ ಬರುತ್ತದೆ. ಆದರೂ ನಮ್ಮದರ ಹಾಗೆ ಒಂದೇ ದಿನದ್ದು.

ಇಲ್ಲಿ ಉಡುಪಿಯ ಸುದ್ದಿ ನಿನಗೆ ಗೊತ್ತಿದೆ. ಕುಂಜಿಬೆಟ್ಟಿನ ನಿಮ್ಮ ಮನೆ ಕೆಡವಿದರು. ಜೆಸಿಬಿ ಬರುವ ಮೊದಲೇ ಹೋಗಿ ಕಂಪೌಂಡಿನ ಕೆಂಪು ದಾಸವಾಳದ ಗೆಲ್ಲು ತಂದಿದ್ದೆ. ನಿನ್ನ ಅಮ್ಮ ನೆಟ್ಟ, ಎಸಳು ತುಂಬಿದ ದಾಸವಾಳ. ಅಂಥದ್ದರಲ್ಲಿ ಕೇಸರಗಳೇ ಎಸಳಾಗಿರುತ್ತವೆ. ಬೀಜ ಕಟ್ಟುವುದು ಅಪರೂಪ, ಗೆಲ್ಲು ಊರಿಯೇ ಉಳಿಸಬೇಕು. ಪೆನ್ಸಿಲ್ ದಪ್ಪದ್ದನ್ನು ಆರಿಸಿ, ಗಂಟಿನ ಕೆಳಗೆ ಓರೆಯಾಗಿ ಕತ್ತರಿಸಿ, ಮರಳು ಬೆರೆಸಿದ ಸುಡುಮಣ್ಣಿನಲ್ಲಿ ನೆಟ್ಟೆ. ಮಳೆಗಾಲವಾಗಿದ್ದರೆ ಸುಲಭವಿತ್ತು. ಈ ಸೆಕೆಯಲ್ಲಿ ಜಗಲಿಯ ನೆರಳಲ್ಲಿಟ್ಟು ದಿನಾ ನೀರು ಚಿಮುಕಿಸಿದೆ. ಚಿಗುರಿದೆ ಮಾರಾಯ!

ಗೆಲ್ಲಿನಿಂದ ಬಂದದ್ದು ಅದೇ ಗಿಡ, ಅಲ್ವಾ? ಅಮ್ಮ ಬೆಳಗ್ಗೆ ಕಡಿಯಾಳಿ ದೇವಸ್ಥಾನಕ್ಕೆ ಹೂ ಕೊಯ್ಯುತ್ತಿದ್ದ ದಾಸವಾಳವೇ ಈಗ ನನ್ನ ಜಗಲಿಯಲ್ಲಿದೆ.

ಇಷ್ಟೇ ಬರೆಯಬೇಕೆಂದಿದ್ದೆ. ಆದರೆ ಗೋಡೆ ಬಿದ್ದ ಸಂಜೆಯಿಂದ ಒಂದು ಭಯ ಹಿಡಿದಿದೆ. ಅಮ್ಮ ಹೋದರು, ಮನೆಯೂ ಹೋಯಿತು. ಇನ್ನು ನೀನು ಉಡುಪಿಗೆ ಯಾಕೆ ಬರುತ್ತೀ? ಬರುತ್ತಿದ್ದದ್ದು ಅಮ್ಮನಿಗಾಗಿ. ಆ ನಡುವೆ ನಾನೂ ಸಿಗುತ್ತಿದ್ದೆ. ನಿನ್ನ ಹತ್ತಿರ ಮಾತಾಡಿದ ಹಾಗೆ ಇಲ್ಲಿ ಯಾರ ಹತ್ತಿರವೂ ಮಾತಾಡುವುದಿಲ್ಲ ನಾನು. ಇದನ್ನು ಮನೆಯಲ್ಲೂ ಹೇಳಿಲ್ಲ, ಈಗ ಊರಿಗೇ ಓದಲು ಕೊಡುತ್ತಿದ್ದೇನೆ. ಗೆಲ್ಲು ತರಲು ಓಡಿದ್ದು ಅಮ್ಮನ ನೆನಪಿಗೆ ಅಂದುಕೊಂಡಿದ್ದೆ. ನಿನಗೆ ಬರಲು ಒಂದು ಕಾರಣ ನನ್ನ ಮನೆಯಲ್ಲಿರಲಿ ಅನ್ನುವ ಆಸೆ ಅದಕ್ಕಿಂತ ಜಾಸ್ತಿ ಇತ್ತು.

ಸಾಕು, ಬೇರೆ ಮಾತಾಡೋಣ. ನಡುವೆ ಹಿಟ್ಟು ತಿಗಣೆ ಬಂದಿತ್ತು. ಇರುವೆ ಸಾಲು ಕಂಡಾಗಲೇ ಗೊತ್ತಾಯಿತು, ಅದರ ಸಿಹಿ ಅಂಟಿಗೆ ಇರುವೆ ಬರುತ್ತದೆ. ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಹೊಡೆದೆ, ಹೋಯಿತು. ಮಗಳು ತಲೆಗೆ ಹಚ್ಚಿ ತೊಳೆಯುವ ಗೊಂಪು ಮಾಡಲು ಎಲೆ ಕೇಳುತ್ತಿದ್ದಾಳೆ. ಈಗಲೇ ಬೇಡ ಅಂದಿದ್ದೇನೆ. ಮಳೆ ಹಿಡಿದ ಮೇಲೆ ನೀರು ನಿಲ್ಲದ ಕಡೆ ನೋಡಿ ನೆಲಕ್ಕೆ ಇಡುತ್ತೇನೆ.

ನವರಾತ್ರಿಗೆ ಟಿಕೆಟ್ ನೋಡು.