ಆ ಎರಡು ಫೋರ್ತ್ ಡೌನ್ ಇಟ್ಟುಕೊಂಡು ಇಡೀ ಸೀಸನ್ ಅಳೆಯಬೇಡಿ

ಸಂಪಾದಕರಿಗೆ ನಮಸ್ಕಾರ,

ಫೈನಲ್ ಪಂದ್ಯವಾದ ಸೂಪರ್ ಬೌಲ್ ಮುಗಿದ ಮೇಲೆ ನಿಮ್ಮ ಕ್ರೀಡಾ ಪುಟದಲ್ಲಿ ಬಂದ ಬರಹ ಓದಿದೆ. ಕನ್ಸಾಸ್ ಸಿಟಿ ಚೀಫ್ಸ್ 25-22ರಿಂದ ಸ್ಯಾನ್ ಫ್ರಾನ್ಸಿಸ್ಕೊ ಫೋರ್ಟಿನೈನರ್ಸ್ ತಂಡವನ್ನು ಸೋಲಿಸಿದ್ದು, ಟೇಲರ್ ಸ್ವಿಫ್ಟ್ ಮೈದಾನಕ್ಕೆ ಬಂದದ್ದು, ಎಲ್ಲ ಚೆನ್ನಾಗಿ ಬರೆದಿದ್ದಾರೆ. ಅಮೆರಿಕನ್ ಫುಟ್‌ಬಾಲ್‌ಗೆ ಕನ್ನಡ ಪತ್ರಿಕೆಯಲ್ಲಿ ಇಷ್ಟು ಜಾಗ ಸಿಕ್ಕಿದ್ದು ನೋಡಿ ಖುಷಿಯಾಯಿತು. ಆದರೆ ಕೊನೆಯಲ್ಲಿ ಡೆಟ್ರಾಯಿಟ್ ಲಯನ್ಸ್ ಬಗ್ಗೆ ಒಂದೇ ಒಂದು ಸಾಲು ಇತ್ತು. ಕೈಯಲ್ಲಿದ್ದ ಸೆಮಿಫೈನಲ್ಲನ್ನು ಕೋಚ್ ಡ್ಯಾನ್ ಕ್ಯಾಂಪ್‌ಬೆಲ್ ಹಟಕ್ಕೆ ಬಿದ್ದು ಕಳೆದರು ಅಂತ. ಆ ಸಾಲು ನನಗೆ ನುಂಗಲಿಕ್ಕಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಡೆಟ್ರಾಯಿಟ್ ಪಕ್ಕದ ಊರಲ್ಲಿ. ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ತಪಾಸಣೆ ನನ್ನ ಕೆಲಸ. 2023-24ರ ಸೀಸನ್ ಸೆಪ್ಟೆಂಬರ್‌ನಿಂದ ಜನವರಿವರೆಗೆ ನೋಡಿದ್ದೇನೆ. ನಿಮ್ಮ ಬರಹಗಾರರು ಕೊನೆಯ ಪಂದ್ಯದ ಕೊನೆಯ ಅರ್ಧ ಮಾತ್ರ ನೋಡಿದ್ದಾರೆ ಅನ್ನಿಸಿತು.

ಗೊತ್ತಿಲ್ಲದವರಿಗೆ ಆಟದ ಒಂದು ನಿಯಮ ಹೇಳಿಬಿಡುತ್ತೇನೆ. ಚೆಂಡು ಕೈಯಲ್ಲಿರುವ ತಂಡಕ್ಕೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಮೂರರಲ್ಲಿ ಆಗಲಿಲ್ಲ ಅಂದರೆ ನಾಲ್ಕನೆಯದು, ಅದೇ ಫೋರ್ತ್ ಡೌನ್. ಆಗ ಸಾಮಾನ್ಯವಾಗಿ ಚೆಂಡನ್ನು ದೂರ ಒದ್ದು ಎದುರಾಳಿಗೆ ಕೊಡುತ್ತಾರೆ. ಗೋಲ್ ಹತ್ತಿರವಿದ್ದರೆ ಕಂಬಗಳ ನಡುವೆ ಒದ್ದು ಫೀಲ್ಡ್ ಗೋಲ್‌ನ ಮೂರು ಅಂಕ ತಗೊಳ್ಳುತ್ತಾರೆ. ಧೈರ್ಯ ಮಾಡಿ ಮತ್ತೊಂದು ಸಲ ನುಗ್ಗಲೂಬಹುದು. ಆಗದಿದ್ದರೆ ಚೆಂಡು ಅಲ್ಲೇ ಎದುರಾಳಿ ಪಾಲು.

ಜನವರಿ 28ರಂದು ಸ್ಯಾಂಟಾ ಕ್ಲಾರಾದಲ್ಲಿ ಅರ್ಧ ಆಟ ಮುಗಿದಾಗ ಲಯನ್ಸ್ 24, ಎದುರಾಳಿ ಫೋರ್ಟಿನೈನರ್ಸ್ 7. ಮೂರನೇ ಕ್ವಾರ್ಟರ್‌ನಲ್ಲಿ ಸ್ಕೋರ್ 24-10 ಇದ್ದಾಗ ಎದುರಾಳಿಯ 28 ಗಜದ ಗೆರೆಯಲ್ಲಿ (ಅಂದರೆ ಅವರ ಗೋಲ್ ಗೆರೆಗೆ 28 ಗಜ ದೂರದಲ್ಲಿ) ಫೋರ್ತ್ ಡೌನ್ ಬಂತು. ಬೇಕಾಗಿದ್ದು ಎರಡು ಗಜ. ಕ್ಯಾಂಪ್‌ಬೆಲ್ ಒದೆಯಲಿಲ್ಲ. ನಮ್ಮ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವ ಆಟಗಾರ) ಜಾರೆಡ್ ಗಾಫ್ ಎಸೆದ ಚೆಂಡು ಜಾಶ್ ರೆನಾಲ್ಡ್ಸ್ ಕೈಗೆ ಬಂತು, ಕೈಯಿಂದ ಜಾರಿತು. ನಾಲ್ಕನೇ ಕ್ವಾರ್ಟರ್‌ನಲ್ಲಿ 27-24ರಿಂದ ಹಿಂದಿದ್ದಾಗ 30 ಗಜದ ಗೆರೆಯಲ್ಲಿ ಮತ್ತೆ ಫೋರ್ತ್ ಡೌನ್. ಮೂರು ಗಜ ಬೇಕಿತ್ತು. ಒದ್ದಿದ್ದರೆ ಸಮ ಮಾಡಬಹುದಿತ್ತು. ಮತ್ತೆ ನುಗ್ಗಿದರು, ಮತ್ತೆ ಆಗಲಿಲ್ಲ. ಕೊನೆಗೆ 34-31ರಿಂದ ಸೋಲು. ಇಷ್ಟು ನಿಜ.

ಆದರೆ ನಡುವೆ ಏನೇನಾಯಿತು ನೋಡಿ. ಎದುರಾಳಿಯ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ ದೂರಕ್ಕೆ ಎಸೆದ ಒಂದು ಚೆಂಡು ನಮ್ಮ ಕಿಂಡಲ್ ವಿಲ್ಡರ್ ಅವರ ಮುಂದೆಯೇ ಬಂದಿತ್ತು. ಹಿಡಿಯಬೇಕಿತ್ತು. ಅದು ಅವರ ಹೆಲ್ಮೆಟ್ಟಿನ ಮುಖಕವಚಕ್ಕೆ ಬಡಿದು ಮೇಲಕ್ಕೆ ಚಿಮ್ಮಿತು. ಎದುರಾಳಿಯ ಬ್ರಾಂಡನ್ ಐಯುಕ್ ಮುಂದಕ್ಕೆ ಹಾರಿ ಅದನ್ನು ಹಿಡಿದೇಬಿಟ್ಟರು. 51 ಗಜ! ಅದರ ಬೆನ್ನಿಗೇ ಟಚ್‌ಡೌನ್, ಅಂದರೆ ಚೆಂಡನ್ನು ಗೋಲ್ ಗೆರೆ ದಾಟಿಸಿ ಆರು ಅಂಕ. ಆಮೇಲೆ ನಮ್ಮ ಸರದಿಯ ಮೊದಲ ಆಟದಲ್ಲೇ ಓಟಗಾರ ಜಮೀರ್ ಗಿಬ್ಸ್‌ಗೂ ಗಾಫ್‌ಗೂ ಹೊಂದಾಣಿಕೆ ತಪ್ಪಿ ಚೆಂಡು ನೆಲಕ್ಕೆ ಬಿತ್ತು, ಎದುರಾಳಿಗೆ ಸಿಕ್ಕಿತು. ಮತ್ತೊಂದು ಟಚ್‌ಡೌನ್. ಇನ್ನೊಂದು ಸಲ ಥರ್ಡ್ ಡೌನ್‌ನಲ್ಲಿ ರೆನಾಲ್ಡ್ಸ್ ಮತ್ತೆ ಚೆಂಡು ಬಿಟ್ಟರು. ಇದರಲ್ಲಿ ಯಾವುದು ಕೋಚ್ ಹಟ?

ನಮ್ಮ ತಪಾಸಣೆಯಲ್ಲಿ ಒಂದು ಭಾಗ ಕೆಟ್ಟಿದೆ ಅಂತ ಗೊತ್ತಾದರೆ ಕೊನೆಗೆ ಮುಟ್ಟಿದವರ ಹೆಸರು ಬರೆದು ಫೈಲ್ ಮುಚ್ಚುವುದಿಲ್ಲ. ಮೊದಲಿಂದ ಬಂದ ದಾರಿ ನೋಡುತ್ತೇವೆ. ಇಲ್ಲೂ ಹಾಗೇ ನೋಡಬೇಕು ಅಲ್ವಾ?

ಸೆಪ್ಟೆಂಬರ್ 7ಕ್ಕೆ ಹೋಗೋಣ. ಸೀಸನ್ನಿನ ಮೊಟ್ಟಮೊದಲ ಪಂದ್ಯ, ಆರೋಹೆಡ್ ಮೈದಾನ, ಎದುರಿಗೆ ಹಿಂದಿನ ವರ್ಷದ ಚಾಂಪಿಯನ್ ಚೀಫ್ಸ್. ಇನ್ನೂ ಯಾರೂ ಅಂಕ ಗಳಿಸಿಲ್ಲ. ಲಯನ್ಸ್ ತನ್ನದೇ 17 ಗಜದ ಗೆರೆಯಲ್ಲಿ ಸಿಕ್ಕಿಹಾಕಿಕೊಂಡಿದೆ. ಫೋರ್ತ್ ಡೌನ್, ಎರಡು ಗಜ ಬೇಕು. ಅಲ್ಲಿ ಚೆಂಡು ಹೋದರೆ ಎದುರಾಳಿಗೆ ಟಚ್‌ಡೌನ್ ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ. ಒದೆಯಲು ನಿಂತ ಹಾಗೆ ನಿಂತರು, ಆದರೆ ಚೆಂಡು ನೇರ ಜೇಲನ್ ರೀವ್ಸ್-ಮೇಬಿನ್ ಕೈಗೆ ಹೋಯಿತು. ನುಗ್ಗಿ ಮೂರು ಗಜ ತಗೊಂಡರು. ಅದೇ ಸರದಿಯಲ್ಲಿ 91 ಗಜ ಸಾಗಿ ಟಚ್‌ಡೌನ್. ಪಂದ್ಯ ಗೆದ್ದಿದ್ದು 21-20ರಿಂದ, ಒಂದೇ ಅಂಕದಿಂದ. ಅವತ್ತು ಚೀಫ್ಸ್‌ನ ಮುಖ್ಯ ಆಟಗಾರರಾದ ಟ್ರಾವಿಸ್ ಕೆಲ್ಸಿ ಇರಲಿಲ್ಲ, ಕ್ರಿಸ್ ಜೋನ್ಸ್ ಇರಲಿಲ್ಲ, ಅದನ್ನೂ ಹೇಳಬೇಕು. ಆದರೂ ಫೆಬ್ರವರಿಯಲ್ಲಿ ಕಪ್ ಎತ್ತಿದ ತಂಡವನ್ನು ಅದರದೇ ಮೈದಾನದಲ್ಲಿ ಸೋಲಿಸಿದ್ದು ಸುಮ್ನೆ ಮಾತಲ್ಲ.

ನವೆಂಬರ್ 12, ಲಾಸ್ ಏಂಜಲೀಸ್ ಚಾರ್ಜರ್ಸ್ ವಿರುದ್ಧ. 38-38. ಎರಡು ನಿಮಿಷವೂ ಉಳಿದಿಲ್ಲ. ಎದುರಾಳಿಯ 26 ಗಜದ ಗೆರೆ, ಫೋರ್ತ್ ಡೌನ್, ಎರಡು ಗಜ. ಫೀಲ್ಡ್ ಗೋಲ್ ಒದ್ದರೆ ಮೂರು ಅಂಕ ಮುಂದೆ ಹೋಗಬಹುದು. ಯಾರೇ ಆದರೂ ಒದೆಯುತ್ತಿದ್ದರು. ಆದರೆ ಒದ್ದ ಮೇಲೆ ಚಾರ್ಜರ್ಸ್ ಕ್ವಾರ್ಟರ್‌ಬ್ಯಾಕ್ ಜಸ್ಟಿನ್ ಹರ್ಬರ್ಟ್ ಕೈಗೆ ಚೆಂಡೂ ಸಮಯವೂ ಎರಡೂ ಸಿಗುತ್ತವೆ. ಅವತ್ತು ನಮ್ಮ ಡಿಫೆನ್ಸ್‌ಗೆ ಅವರನ್ನು ತಡೆಯಲಿಕ್ಕೇ ಆಗಿರಲಿಲ್ಲ. ಕ್ಯಾಂಪ್‌ಬೆಲ್ ನುಗ್ಗಿ ಅಂದರು. ಗಾಫ್ ಎಸೆದರು, ಸ್ಯಾಮ್ ಲಪೋರ್ಟಾ ಹಿಡಿದರು, ಆರು ಗಜ. ಗಡಿಯಾರ ಓಡಿಸಿ, ಕೊನೆಯ ಕ್ಷಣದಲ್ಲಿ ರೈಲಿ ಪ್ಯಾಟರ್ಸನ್ 41 ಗಜದಿಂದ ಒದ್ದರು. 41-38. ಹರ್ಬರ್ಟ್‌ಗೆ ಮತ್ತೆ ಚೆಂಡೇ ಸಿಗಲಿಲ್ಲ. ಮರುದಿನ ಎಲ್ಲರ ಬಾಯಲ್ಲೂ ಕ್ಯಾಂಪ್‌ಬೆಲ್ ಧೈರ್ಯದ ಮಾತು. ಅದೇ ಧೈರ್ಯಕ್ಕೆ ಜನವರಿಯಲ್ಲಿ ಹಟ ಅಂತ ಹೆಸರಿಟ್ಟರೆ ನ್ಯಾಯವಾ?

ಪ್ರತಿ ಸಲವೂ ಅವರ ಲೆಕ್ಕ ಸರಿಯಾಯಿತು ಅಂತ ನಾನು ಹೇಳುತ್ತಿಲ್ಲ. ಥ್ಯಾಂಕ್ಸ್‌ಗಿವಿಂಗ್ ದಿನ ಗ್ರೀನ್ ಬೇ ಪ್ಯಾಕರ್ಸ್ ವಿರುದ್ಧ ತಮ್ಮದೇ 23 ಗಜದ ಗೆರೆಯಿಂದ ಆರೋಹೆಡ್‌ನ ಹಾಗೇ ಒದೆಯುವ ನಾಟಕ ಮಾಡಿ ನುಗ್ಗಿ ಕೈಸುಟ್ಟುಕೊಂಡರು, 29-22ರಿಂದ ಸೋತರು. ಅದು ನನಗೂ ಒಪ್ಪಿಗೆಯಾಗಲಿಲ್ಲ. ನಾಲ್ಕು ಗಜ ಬೇಕಿತ್ತು, ಜಾಸ್ತಿ ಆಯಿತು. ಆದರೆ ಅವರು ಕಣ್ಣುಮುಚ್ಚಿ ನುಗ್ಗುವವರಲ್ಲ. ನಿಮ್ಮ ಬರಹಗಾರರು ಬೈದ ಅದೇ ಪಂದ್ಯದಲ್ಲಿ, ಅರ್ಧ ಆಟ ಮುಗಿಯಲು ಕೆಲವೇ ಸೆಕೆಂಡು ಇದ್ದಾಗ ಗೋಲ್ ಬಾಗಿಲಲ್ಲೇ ಫೋರ್ತ್ ಡೌನ್ ಬಂದಿತ್ತು. ಅಲ್ಲಿ ಕ್ಯಾಂಪ್‌ಬೆಲ್ ಫೀಲ್ಡ್ ಗೋಲ್ ಒದೆಸಿದರು. 24-7ರ ಕೊನೆಯ ಮೂರು ಅಂಕ ಬಂದದ್ದೇ ಹಾಗೆ.

'ಸಿಗುವ ಮೂರು ಅಂಕ ತಗೊಂಡಿದ್ದರೆ' ಅನ್ನುವವರು ಜನವರಿ 14ರ ರಾತ್ರಿಯನ್ನೂ ನೋಡಬೇಕು. ನಮ್ಮ ಮೈದಾನ ಫೋರ್ಡ್ ಫೀಲ್ಡ್‌ನಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ವಿರುದ್ಧ ಪ್ಲೇಆಫ್, ಅಂದರೆ ಸೋತರೆ ಮನೆಗೆ ಹೋಗಬೇಕಾದ ಪಂದ್ಯ. ರ‍್ಯಾಮ್ಸ್ ಗೋಲ್ ಸಮೀಪಕ್ಕೆ ಬಂದು ಮೂರು ಸಲ ಹತ್ತಿರದಿಂದ ಒದ್ದು, ತಲಾ ಮೂರು ಅಂಕ ತಗೊಂಡು ಹೋದರು. ಸೋತದ್ದು 24-23ರಿಂದ.

ಆ ರಾತ್ರಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇದನ್ನು ಬಿಟ್ಟರೆ ಈ ಸೀಸನ್ ಯಾರಿಗೂ ಅರ್ಥ ಆಗುವುದಿಲ್ಲ.

ಲಯನ್ಸ್ ಕೊನೆಯ ಸಲ ಚಾಂಪಿಯನ್ ಆದದ್ದು 1957ರಲ್ಲಿ. ಆಗ ಸೂಪರ್ ಬೌಲ್ ಅನ್ನುವುದೇ ಇರಲಿಲ್ಲ. ಆಮೇಲೆ 1992ರ ಜನವರಿಯಲ್ಲಿ ಒಂದೇ ಒಂದು ಪ್ಲೇಆಫ್ ಗೆಲುವು. ಬ್ಯಾರಿ ಸ್ಯಾಂಡರ್ಸ್ ಅಂಥ ಓಟಗಾರ 1999ರಲ್ಲಿ, ಇನ್ನೂ ಕಾಲಲ್ಲಿ ಕಸುವಿರುವಾಗಲೇ ಬಿಟ್ಟು ಹೋದರು. ಕ್ಯಾಲ್ವಿನ್ ಜಾನ್ಸನ್ ಕೂಡ ಹಾಗೇ ಮೂವತ್ತರ ವಯಸ್ಸಿಗೇ ನಿಲ್ಲಿಸಿದರು. 2008ರಲ್ಲಿ 16 ಪಂದ್ಯ ಆಡಿ ಹದಿನಾರನ್ನೂ ಸೋತರು. ಈ ಲೀಗಿನಲ್ಲಿ, ಅಂದರೆ ಎನ್ಎಫ್ಎಲ್‌ನಲ್ಲಿ, ಅದಕ್ಕೆ ಮುಂಚೆ ಹದಿನಾರಕ್ಕೆ ಹದಿನಾರೂ ಸೋತ ತಂಡ ಇರಲಿಲ್ಲ. ಆ ವರ್ಷದ ತಂಡದಲ್ಲಿ ಗಾಯವಾಗಿ ಹೊರಗೆ ಕೂತಿದ್ದ ಒಬ್ಬ ಆಟಗಾರ ಇದ್ದರು. ಅವರ ಹೆಸರು ಡ್ಯಾನ್ ಕ್ಯಾಂಪ್‌ಬೆಲ್.

ನಮ್ಮ ಪಕ್ಕದ ಮನೆಯ ಅಜ್ಜ ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಸ್ಯಾಂಡರ್ಸ್ ಅವರ 20ನೇ ನಂಬರಿನ ನೀಲಿ ಜರ್ಸಿ ಅವರ ಹತ್ತಿರ ಇದೆ. ಒಗೆದು ಒಗೆದು ಅಂಕಿ ಬಿರುಕುಬಿಟ್ಟಿದೆ, ತೋಳಿನ ಬೆಳ್ಳಿ ಪಟ್ಟಿ ಬೂದಿಯಾಗಿದೆ. ಪ್ರತಿ ಸೋಲಿಗೂ ಅವರದು ಒಂದೇ ಮಾತು, 'ಅದೇ ಹಳೇ ಲಯನ್ಸ್.' ಇಲ್ಲಿ ಎಲ್ಲರೂ ಹೇಳುವ ಮಾತು ಅದು. ಗೆಲ್ಲುತ್ತಿರುವಾಗಲೂ ಹೇಳುತ್ತಾರೆ, ಸೋಲು ಬರುವ ಮುಂಚೆಯೇ ತಯಾರಾಗಿರೋಣ ಅಂತ.

ಇನ್ನು ಗಾಫ್ ಕಥೆ. ರ‍್ಯಾಮ್ಸ್ ತಂಡವನ್ನು ಸೂಪರ್ ಬೌಲ್‌ಗೆ ಕರೆದುಕೊಂಡು ಹೋದವರು ಅವರು. ಆದರೂ 2021ರಲ್ಲಿ ಅದೇ ತಂಡ ಅವರನ್ನು ಬೇಡ ಅಂದಿತು. ನಮ್ಮ ಮ್ಯಾಥ್ಯೂ ಸ್ಟ್ಯಾಫರ್ಡ್ ಅವರನ್ನು ಪಡೆಯಲು ಗಾಫ್ ಜೊತೆ ಮುಂದಿನ ಡ್ರಾಫ್ಟ್‌ಗಳ (ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನು ಆರಿಸುವ ಕಾರ್ಯಕ್ರಮ) ಸರದಿಗಳನ್ನೂ ಸೇರಿಸಿ ಕೊಟ್ಟಿತು. ಎಲ್ಲರೂ ಆ ಡ್ರಾಫ್ಟ್ ಸರದಿಗಳ ಬೆಲೆ ಲೆಕ್ಕ ಹಾಕಿದರು, ಗಾಫ್ ಅವರನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ. ಸ್ಟ್ಯಾಫರ್ಡ್ ಹೋದ ಮೊದಲ ವರ್ಷವೇ ಅಲ್ಲಿ ಸೂಪರ್ ಬೌಲ್ ಗೆದ್ದರು. ಇಲ್ಲಿ ಹನ್ನೆರಡು ಸೀಸನ್ ಆಡಿ ಒಂದೂ ಪ್ಲೇಆಫ್ ಗೆಲುವು ಕಂಡಿರಲಿಲ್ಲ. ಜನವರಿ 14ರಂದು ಇಬ್ಬರೂ ಎದುರುಬದುರು. ಹೊರಗೆ ಮೈ ಕೊರೆಯುವ ಚಳಿ. ಒಳಗೆ ಛಾವಣಿ ಹಾರಿಹೋಗುವಂಥ ಸದ್ದು. ಆ ಮೈದಾನ 2002ರಲ್ಲಿ ಶುರುವಾದ ಮೇಲೆ ಲಯನ್ಸ್ ಅಲ್ಲಿ ಆಡಿದ ಮೊದಲ ಪ್ಲೇಆಫ್ ಅದು. ಜನ 'ಜಾರೆಡ್ ಗಾಫ್, ಜಾರೆಡ್ ಗಾಫ್' ಅಂತ ತಾಳ ಹಾಕಿ ಕೂಗಿದರು. ಕೊನೆಯಲ್ಲಿ ಒಂದು ಫಸ್ಟ್ ಡೌನ್ (ಹತ್ತು ಗಜ ದಾಟಿದ್ದಕ್ಕೆ ಹೊಸದಾಗಿ ಸಿಗುವ ಅವಕಾಶ) ಸಿಕ್ಕರೆ ಆಟ ಮುಗಿದ ಹಾಗೆ. ಓಡಿ ಸಮಯ ಕಳೆಯಬಹುದಿತ್ತು. ಕ್ಯಾಂಪ್‌ಬೆಲ್ ಅಲ್ಲೂ ಎಸೆಯಿರಿ ಅಂದರು. ಗಾಫ್ ಎಸೆದರು, ಅಮಾನ್-ರಾ ಸೇಂಟ್ ಬ್ರೌನ್ ಹನ್ನೊಂದು ಗಜದಲ್ಲಿ ಹಿಡಿದರು. ಪಕ್ಕದ ಮನೆಯ ಅಜ್ಜ ಸೋಫಾದಿಂದ ಎದ್ದು ನಿಂತವರು ಮಾತೇ ಆಡಲಿಲ್ಲ. ಜರ್ಸಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಟೀವಿ ನೋಡುತ್ತಲೇ ಇದ್ದರು.

32 ವರ್ಷದ ಮೇಲೆ ಬಂದ ಗೆಲುವು. ಅದರ ಹಿಂದಿನ ತಿಂಗಳು, ಡಿಸೆಂಬರ್ 24ರಂದು, ಮಿನೆಸೋಟದಲ್ಲಿ 30-24ರಿಂದ ಗೆದ್ದು 1993ರ ಮೇಲೆ ಮೊದಲ ಸಲ ಡಿವಿಜನ್, ಅಂದರೆ ಲೀಗಿನೊಳಗಿನ ತಮ್ಮ ಗುಂಪು, ಗೆದ್ದಿದ್ದರು. ಜನವರಿ 21ರಂದು ಟ್ಯಾಂಪಾ ಬೇ ವಿರುದ್ಧ 31-23. ಹದಿನೇಳು ಪಂದ್ಯಗಳ ಸೀಸನ್ನಿನಲ್ಲಿ ಹನ್ನೆರಡು ಗೆಲುವು. ಕ್ಯಾಂಪ್‌ಬೆಲ್ ಬಂದ ಮೊದಲ ವರ್ಷ ಗೆದ್ದದ್ದು ಬರೀ ಮೂರು. ಇದ್ಯಾವುದೂ ನಿಮ್ಮ ಬರಹದಲ್ಲಿ ಇರಲಿಲ್ಲ.

ಇನ್ನೊಂದು ವಿಷಯ. ತಂಡ ಕಟ್ಟಿದ ಬ್ರಾಡ್ ಹೋಮ್ಸ್ ಹೆಸರನ್ನೂ ಬರೆಯಬೇಕಿತ್ತು. 2023ರ ಡ್ರಾಫ್ಟ್‌ನಲ್ಲಿ ಸ್ಟ್ಯಾಫರ್ಡ್ ಬದಲಿಗೆ ಸಿಕ್ಕಿದ್ದ ಸರದಿಯನ್ನು ಇನ್ನೊಂದು ತಂಡಕ್ಕೆ ಕೊಟ್ಟು ಕೆಳಗೆ ಇಳಿದರು. ಹಾಗೆ ಸಿಕ್ಕವರೇ ಗಿಬ್ಸ್ ಮತ್ತು ಲಪೋರ್ಟಾ. ಗಿಬ್ಸ್ ಅವರನ್ನು ಅಷ್ಟು ಬೇಗ ತಗೊಂಡಿದ್ದಕ್ಕೆ ಪಂಡಿತರೆಲ್ಲ ಮೂಗು ಮುರಿದಿದ್ದರು. ಲಪೋರ್ಟಾ ಮೊದಲ ವರ್ಷದಲ್ಲೇ 86 ಕ್ಯಾಚ್ ಹಿಡಿದು ಹೊಸ ಟೈಟ್ ಎಂಡ್‌ಗಳ (ಚೆಂಡು ಹಿಡಿಯುವ, ಎದುರಾಳಿಯನ್ನು ತಡೆಯುವ ಎರಡೂ ಕೆಲಸದವರು) ಆಗಿನ ದಾಖಲೆ ಮುರಿದರು. ಸೇಂಟ್ ಬ್ರೌನ್ ನಾಲ್ಕನೇ ಸುತ್ತಿನಲ್ಲಿ ಸಿಕ್ಕವರು. ತನಗಿಂತ ಮೊದಲು ಆಯ್ಕೆಯಾದ ಹದಿನಾರು ರಿಸೀವರ್‌ಗಳ (ಎಸೆದ ಚೆಂಡು ಹಿಡಿಯುವವರು) ಹೆಸರನ್ನೂ ಅವರು ಬಾಯಿಪಾಠ ಹೇಳುತ್ತಾರೆ. ಬೇರೆಯವರು ಬೇಡ ಅಂದವರನ್ನೇ ಸೇರಿಸಿ ಕಟ್ಟಿದ ತಂಡ ಇದು. ಇಂಥ ಹುಡುಗರಿಗೆ 'ನಿಮ್ಮ ಮೇಲೆ ನನಗೆ ನಂಬಿಕೆ ಇದೆ' ಅಂತ ಕೋಚ್ ಹೇಗೆ ತೋರಿಸಬೇಕು? ಬಾಯಲ್ಲಿ ಹೇಳಿದರೆ ಸಾಲದು. ಫೋರ್ತ್ ಡೌನ್‌ನಲ್ಲಿ ಚೆಂಡು ಕೈಗೆ ಕೊಡಬೇಕು. ಸೆಪ್ಟೆಂಬರ್‌ನಿಂದ ಕೊಟ್ಟವರು ಜನವರಿ 28ರಂದು ಇದ್ದಕ್ಕಿದ್ದಂತೆ ಕೈ ಹಿಂದಕ್ಕೆ ಎಳೆದುಕೊಂಡಿದ್ದರೆ ಆ ಹುಡುಗರು ಏನಂದುಕೊಳ್ಳುತ್ತಿದ್ದರು?

ಪಂದ್ಯ ಮುಗಿದ ಮೇಲೆ ಕ್ಯಾಂಪ್‌ಬೆಲ್ ಆ ನಿರ್ಧಾರಗಳ ಬಗ್ಗೆ ವಿಷಾದ ಇಲ್ಲ ಅಂದರು. ತಪ್ಪನ್ನು ಆಟಗಾರರ ತಲೆಗೆ ಕಟ್ಟಲಿಲ್ಲ, ಬೈಗುಳ ತಮ್ಮ ಮೇಲೆ ಬರುತ್ತದೆ ಅಂತ ಗೊತ್ತಿದ್ದೇ ನಿಂತರು. ರೆನಾಲ್ಡ್ಸ್ ಬಗ್ಗೆಯೂ ನನಗೆ ಸಿಟ್ಟಿಲ್ಲ. ಸೀಸನ್ ಉದ್ದಕ್ಕೂ ಕಷ್ಟದ ಚೆಂಡುಗಳನ್ನು ಹಿಡಿದವರು ಅವರು.

ನಿಮ್ಮಲ್ಲಿ ಒಂದು ಬೇಡಿಕೆ ಇದೆ. 2024ರ ಏಪ್ರಿಲ್‌ನಲ್ಲಿ ಎನ್ಎಫ್ಎಲ್ ಡ್ರಾಫ್ಟ್ ನಡೆಯುವುದು ಡೆಟ್ರಾಯಿಟ್ ನಗರದಲ್ಲೇ. ಯಾವ ತಂಡ ಯಾವ ಹೊಸ ಹುಡುಗನನ್ನು ಆರಿಸಿತು ಅಂತ ಆಗ ನೀವು ಬರೆಯುತ್ತೀರಿ. ಅದರ ಜೊತೆಗೆ ಈ ಊರಿನ ತಂಡದ ಮೇಲೆ ಒಂದು ಪೂರ್ತಿ ಬರಹ ಹಾಕಿ. ಅದರಲ್ಲಿ ಸ್ಯಾಂಟಾ ಕ್ಲಾರಾದ ಎರಡು ಫೋರ್ತ್ ಡೌನ್ ಖಂಡಿತ ಇರಲಿ. ಆರೋಹೆಡ್‌ನಲ್ಲಿ ತಗೊಂಡ ಮೂರು ಗಜ, ಚಾರ್ಜರ್ಸ್ ವಿರುದ್ಧ ತಗೊಂಡ ಆರು ಗಜವೂ ಇರಲಿ.

ಇಂತಿ,
ನಿಮ್ಮ ಓದುಗಾರ್ತಿ,
ಫಾರ್ಮಿಂಗ್‌ಟನ್ ಹಿಲ್ಸ್, ಮಿಷಿಗನ್