‘ಹೀವ್’ ಎಂಬ ಒಂದು ಕ್ರಿಯಾಪದದ ಬಗ್ಗೆ

ಮಿತ್ರರೇ, ವಂದನೆಗಳು.

ನೀವು ಕಳಿಸಿದ ಸಮುದ್ರಯಾನದ ಕಥೆಯ ಅನುವಾದವನ್ನು ಎರಡು ಸಲ ಓದಿದೆ. ಎರಡನೆಯ ಸಲ ಇಂಗ್ಲಿಷ್ ಮೂಲವನ್ನು ಪಕ್ಕದಲ್ಲಿಟ್ಟುಕೊಂಡಿದ್ದೆ. ಮೂಲದಲ್ಲಿ ‘ಹೀವ್’ ಎಂಬ ಕ್ರಿಯಾಪದ ಬಂದ ಕಡೆಯಲ್ಲೆಲ್ಲ ನೀವು ‘ಬಲವಾಗಿ ಎತ್ತಿದರು’ ಎಂದು ಬರೆದಿದ್ದೀರಿ. ಮೂಟೆಗೂ ಅದೇ, ಲಂಗರಿಗೂ ಅದೇ, ಕೊನೆಗೆ ಅಲೆಗೂ ಅದೇ. ನಿಘಂಟು ತೆರೆದರೆ ಮೊದಲು ಸಿಗುವ ಅರ್ಥ ‘ಎತ್ತು’ ಎಂದೇ ಆದ್ದರಿಂದ ನಿಮ್ಮನ್ನು ದೂರಲಾರೆ. ಆದರೆ ನಿಮ್ಮ ಕಥೆ ತುಂಬ ಮೈಮುರಿದು ದುಡಿಯುವವರೇ ಇದ್ದಾರೆ, ಅವರ ದುಡಿಮೆಯನ್ನು ಹೇಳುವ ಮುಖ್ಯ ಪದವೇ ಇದು. ಹಾಗಾಗಿ ಈ ಪತ್ರವನ್ನು ಪೂರ್ತಿಯಾಗಿ ಇದೊಂದಕ್ಕೇ ಮೀಸಲಿಡುತ್ತಿದ್ದೇನೆ.

ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ ‘ಹೆಬ್ಬನ್’. ಎತ್ತುವುದು ಎಂಬ ಅರ್ಥದ ಜರ್ಮನ್ ಮಾತು ‘ಹೇಬನ್’ ಇದರ ದಾಯಾದಿ. ‘ಹೆವಿ’ ಎಂದು ನಾವೂ ದಿನವೂ ಆಡುವ ಪದ ಹುಟ್ಟಿದ್ದು ಇದೇ ಬೇರಿನಿಂದ. ನಮ್ಮಲ್ಲಿ ‘ಹೊರು’ ಎಂಬುದರಿಂದ ‘ಹೊರೆ’ ಬಂದ ಹಾಗೆ ಅಲ್ಲಿಯೂ ಕೆಲಸದ ಹೆಸರು ಮತ್ತು ಭಾರದ ಹೆಸರು ಒಂದೇ ಬಳ್ಳಿಯ ಕಾಯಿಗಳು. ಆದ್ದರಿಂದ ಭಾರವು ಈ ಕ್ರಿಯಾಪದದ ಒಳಗೇ ಕುಳಿತಿದೆ, ಹೊರಗಿನಿಂದ ‘ಬಲವಾಗಿ’ ಎಂದು ಸೇರಿಸಬೇಕಾಗಿಲ್ಲ. ಬೆರಳನ್ನಾಗಲಿ ಹಕ್ಕಿಯ ಗರಿಯನ್ನಾಗಲಿ ‘ಲಿಫ್ಟ್’ ಮಾಡಬಹುದು. ‘ಹೀವ್’ ಮಾಡಬೇಕಾದರೆ ವಸ್ತುವು ಮನುಷ್ಯನ ಅಳವು ಮೀರುವ ಅಂಚಿನಲ್ಲಿರಬೇಕು. ‘ಹಾಲ್’ ಎಂದರೆ ಬಿಡದೆ ಎಳೆಯುತ್ತ ಹೋಗುವುದು, ‘ಹಾಯಿಸ್ಟ್’ ಎಂದರೆ ಹೆಚ್ಚಾಗಿ ಹಗ್ಗ ರಾಟೆಗಳ ನೆರವಿನಿಂದ ಮೇಲೇರಿಸುವುದು. ‘ಹೀವ್’ ಮಾತ್ರ ಇದ್ದ ಕಸುವನ್ನೆಲ್ಲ ಒಟ್ಟುಗೂಡಿಸಿ ಒಮ್ಮೆಲೇ ಹಾಕುವ ಪಟ್ಟು.

ದಾವಣಗೆರೆಯ ಎಪಿಎಂಸಿ ಅಂಗಳದಲ್ಲಿ ಹಮಾಲರು ಲಾರಿಗೆ ಭತ್ತದ ಚೀಲ ತುಂಬುವುದನ್ನು ನಾನೊಮ್ಮೆ ಬಹಳ ಹೊತ್ತು ನಿಂತು ನೋಡಿದ್ದೇನೆ. ಇಬ್ಬರು ಎರಡು ತುದಿಗೆ ಕೊಕ್ಕೆ ಹಾಕುತ್ತಾರೆ, ಮೊಣಕಾಲು ಬಗ್ಗಿಸುತ್ತಾರೆ, ಚೀಲವನ್ನು ನೆಲದಿಂದ ಗೇಣು ಮೇಲಕ್ಕೆ ತಂದು ಒಮ್ಮೆ ತೂಗುತ್ತಾರೆ, ಇನ್ನೊಮ್ಮೆ ತೂಗುತ್ತಾರೆ. ಅಷ್ಟು ಹೊತ್ತೂ ದಮ್ಮು ಕಟ್ಟಿರುತ್ತಾರೆ. ಮೂರನೆಯ ತೂಗಿಗೆ ‘ಹ್ಞಾ’ ಎಂಬ ಸದ್ದಿನೊಡನೆ ಚೀಲ ಕೈಬಿಟ್ಟು ಲಾರಿಯ ಮೇಲೆ ಬೀಳುತ್ತದೆ, ಕಟ್ಟಿದ್ದ ಉಸಿರು ಆಗ ಹೊರಗೆ ಬರುತ್ತದೆ. ಆ ಮೂರನೆಯ ತೂಗೇ ‘ಹೀವ್’. ನಿಮ್ಮ ಕಥೆಯಲ್ಲಿ ಹಿಟ್ಟಿನ ಮೂಟೆಗಳನ್ನು ದೋಣಿಗೆ ಹಾಕುವ ಪ್ರಸಂಗಕ್ಕೆ ‘ದಮ್ಮು ಕಟ್ಟಿ ಎತ್ತಿ ಒಗೆದರು’ ಎಂದರೆ ಸಾಕು. ಕನ್ನಡವು ಇಂಥ ಶ್ರಮವನ್ನು ಒಂದೇ ಪದದಲ್ಲಿ ಹೇಳುವುದಕ್ಕಿಂತ ಎರಡು ಕ್ರಿಯಾಪದಗಳನ್ನು ಬೆನ್ನಿಗೆ ಬೆನ್ನು ಜೋಡಿಸಿ ಹೇಳಲು ಇಷ್ಟಪಡುತ್ತದೆ: ತಿಣುಕಿ ಎತ್ತು, ಮೀಟಿ ಉರುಳಿಸು, ಎತ್ತಿ ಹಾಕು. ಹೀಗೆ ಬರೆಯುವುದನ್ನು ದೋಷವೆಂದು ತಿಳಿಯಬೇಡಿ, ಅದು ನಮ್ಮ ಭಾಷೆಯ ಜಾಯಮಾನ.

ಲಂಗರಿನ ವಿಷಯ ಬೇರೆ. ಹಳೆಯ ಹಾಯಿ ಹಡಗುಗಳ ಅಟ್ಟದ ಮೇಲೆ ನೆಟ್ಟಗೆ ನಿಲ್ಲಿಸಿದ ಒಂದು ದಪ್ಪ ಉರುಳೆ ಇರುತ್ತಿತ್ತು. ಅದರ ತಲೆಯ ಸುತ್ತ ಕೊರೆದ ತೂತುಗಳಿಗೆ ಉದ್ದನೆಯ ಮರದ ದಂಡಗಳನ್ನು ಸಿಕ್ಕಿಸಿ, ಒಂದೊಂದು ದಂಡಕ್ಕೆ ಹಲವರು ಎದೆಗೊಟ್ಟು, ಗಾಣದ ಎತ್ತುಗಳಂತೆ ಸುತ್ತು ಬರುತ್ತ ತಳ್ಳುತ್ತಿದ್ದರು. ಲಂಗರಿನ ಹಗ್ಗ ಬಿಗಿಯುತ್ತಿತ್ತು, ಲಂಗರು ನೀರಿನಿಂದ ಮೇಲೇಳುತ್ತಿತ್ತು. ಇಲ್ಲಿ ‘ಹೀವ್’ ಎಂದು ಅಪ್ಪಣೆಯಾದಾಗ ಯಾರ ಕೈಯೂ ಏನನ್ನೂ ಎತ್ತುತ್ತಿಲ್ಲ, ಎಲ್ಲರ ಎದೆಯೂ ತಳ್ಳುತ್ತಿದೆ. ಫಲವನ್ನಷ್ಟೇ ಹೇಳುವ ವಾಕ್ಯದಲ್ಲಿ ‘ಲಂಗರು ಎತ್ತಿದರು’ ಎಂದರೆ ಸರಿ; ಆದರೆ ನಾವಿಕರ ಬೆವರನ್ನು ವರ್ಣಿಸುವ ವಾಕ್ಯದಲ್ಲಿ ಅವರು ತಳ್ಳಲೇಬೇಕು.

ಇದೇ ಪದದ ಹಳೆಯ ಭೂತಕಾಲದ ರೂಪ ‘ಹೋವ್’. ನೆಲದ ಮೇಲಿನ ಇಂಗ್ಲಿಷ್ ಅದನ್ನು ಬಹುಮಟ್ಟಿಗೆ ಕೈಬಿಟ್ಟು ‘ಹೀವ್ಡ್’ ಎನ್ನುತ್ತದೆ, ಕಡಲಿನವರ ಮಾತು ಮಾತ್ರ ಉಳಿಸಿಕೊಂಡಿದೆ. ಹಡಗೊಂದು ದೂರದಲ್ಲಿ ಕಣ್ಣಿಗೆ ಬಿದ್ದಾಗ ಈ ರೂಪವನ್ನು ಬಳಸುತ್ತಾರೆ. ಭೂಮಿ ದುಂಡಗಿರುವುದರಿಂದ ದೂರದ ಹಡಗಿನ ಕೂವೆಮರ ಮೊದಲು ಕಾಣಿಸಿ ಒಡಲು ಆಮೇಲೆ ಕಾಣಿಸುತ್ತದೆ, ಯಾರೋ ಅದನ್ನು ಕೆಳಗಿನಿಂದ ಮೇಲಕ್ಕೆ ಎತ್ತಿದಂತೆಯೇ ತೋರುತ್ತದೆ. ‘ಹಡಗು ಗೋಚರಿಸಿತು’ ಎಂಬ ನಿಮ್ಮ ವಾಕ್ಯದಲ್ಲಿ ಈ ಚಿತ್ರ ಉಳಿದಿಲ್ಲ. ‘ಬಾನಂಚಿನಲ್ಲಿ ಹಡಗೊಂದು ತಲೆಯೆತ್ತಿತು’ ಎಂದು ಬರೆಯಿರಿ. ಆದರೆ ‘ಹೋವ್ ಟು’ ಎಂದಿರುವಲ್ಲಿ ಎಚ್ಚರವಿರಲಿ. ಅಲ್ಲಿ ಹಡಗು ಏಳುವುದಿಲ್ಲ. ಹಾಯಿಗಳನ್ನು ಒಂದಕ್ಕೊಂದು ಎದುರಾಗಿಸಿ, ಗಾಳಿಯ ಕಡೆಗೆ ಮುಖ ಮಾಡಿಸಿ, ಅದನ್ನು ಹೆಚ್ಚುಕಡಿಮೆ ಇದ್ದಲ್ಲೇ ತಡೆದು ನಿಲ್ಲಿಸುತ್ತಾರೆ. ನಿಮ್ಮ ಐದನೆಯ ಅಧ್ಯಾಯದಲ್ಲಿ ನಿಂತ ಹಡಗು ಹೊರಟುಹೋಗಿದೆ, ಮುಂದಿನ ಪುಟದಲ್ಲಿ ದೋಣಿ ಇಳಿಸುವುದು ಓದುಗನಿಗೆ ಅರ್ಥವಾಗುವುದಿಲ್ಲ.

ಆಳ ನೋಡುವ ಸೀಸದ ಗುಂಡಿಗೂ ಇದೇ ಕ್ರಿಯಾಪದ, ಅಲ್ಲಿ ಅದರ ಅರ್ಥ ಬೀಸಿ ಎಸೆಯುವುದು. ಆ ಹಗ್ಗದ ಅಳತೆ ಆರು ಅಡಿಯ ಫ್ಯಾದಮ್. ನೀವು ಅದನ್ನು ಹಾಗೆಯೇ ಉಳಿಸಿಕೊಂಡಿದ್ದೀರಿ. ಎರಡೂ ತೋಳು ಚಾಚಿದಷ್ಟು ಉದ್ದಕ್ಕೆ ನಮ್ಮಲ್ಲಿ ‘ಮಾರು’ ಇದೆಯಲ್ಲ, ಅದನ್ನೇ ಬಳಸಿ.

ಇನ್ನು ಮೈಯೊಳಗಿನ ಅರ್ಥಗಳು. ನಿಟ್ಟುಸಿರಿಗೆ ಇಂಗ್ಲಿಷಿನವರು ‘ಹೀವ್’ ಎನ್ನುವುದು ಅದರ ಭಾರವನ್ನು ಕಂಡು. ನಿಡಿದಾದ ಉಸಿರು ಎನ್ನುವ ನಾವು ಅದರ ಉದ್ದವನ್ನು ಕಂಡಿದ್ದೇವೆ. ‘ನಿಟ್ಟುಸಿರು ಬಿಟ್ಟಳು’ ಎಂದರೆ ಏನೂ ಕಳೆದುಹೋಗುವುದಿಲ್ಲ. ಆದರೆ ಗಂಡಾಂತರ ಕಳೆದ ಮೇಲಿನ ಉಸಿರಿಗೆ ‘ನಿರಾಳದ ನಿಟ್ಟುಸಿರು’ ಎಂದು ಪತ್ರಿಕೆಗಳಲ್ಲಿ ಬರುವುದನ್ನು ನಾನು ಒಪ್ಪಲಾರೆ, ನಿಟ್ಟುಸಿರು ದುಃಖದ ಕಡೆಗೆ ವಾಲಿದ ಮಾತು. ಅಂಥ ಕಡೆ ನಮ್ಮ ಜನ ‘ಉಸ್ಸೆಂದು’ ಕೂರುತ್ತಾರೆ, ‘ಬದುಕಿದೆಯಾ ಬಡಜೀವವೇ’ ಎನ್ನುತ್ತಾರೆ. ಓಡಿಬಂದವನ ಎದೆ ಏರಿಳಿಯುತ್ತದೆ, ಕಡಲು ಉಬ್ಬಿ ಇಳಿಯುತ್ತದೆ, ಹಡಗಿನ ಓಲಾಟಕ್ಕೆ ಹೊಟ್ಟೆ ತೊಳೆಸಿದವನು ಕರುಳು ಕಿತ್ತು ಬರುವಂತೆ ಓಕರಿಸುತ್ತಾನೆ. ಇಂಗ್ಲಿಷಿನಲ್ಲಿ ಈ ಮೂರಕ್ಕೂ ಪದ ಒಂದೇ. ಜನ ಗಿಜಿಗುಡುವ ಹೋಟೆಲು, ಹಿಮ ಕಟ್ಟಿ ಉಬ್ಬುವ ಶೀತದೇಶದ ನೆಲ, ಕೆಲಸದಿಂದ ಯಾರಿಗಾದರೂ ಕೊಡುವ ಅರ್ಧಚಂದ್ರ, ಇವೂ ಆ ಪದದ ವ್ಯಾಪ್ತಿಯಲ್ಲಿವೆ, ನಿಮ್ಮ ಕಥೆಗೆ ಸದ್ಯ ಬೇಕಾಗಿಲ್ಲ.

ಈ ಪದದ ಶಕ್ತಿ ನನಗೆ ಪೂರ್ತಿಯಾಗಿ ತಿಳಿದದ್ದು ಷೇಕ್ಸ್‌ಪಿಯರನ ಲಿಯರ್ ನಾಟಕದಲ್ಲಿ. 1608ರಲ್ಲಿ ಮೊದಲು ಅಚ್ಚಾದ ಆ ನಾಟಕದ ಮೊದಲ ದೃಶ್ಯದಲ್ಲಿ, ಅಕ್ಕಂದಿರು ತಂದೆಯನ್ನು ಹೊಗಳಿ ರಾಜ್ಯದ ಪಾಲು ಪಡೆದ ಮೇಲೆ, ಕಿರಿಯವಳಾದ ಕಾರ್ಡೀಲಿಯ ತನ್ನ ಹೃದಯವನ್ನು ಬಾಯಿಗೆ ‘ಹೀವ್’ ಮಾಡಲಾರೆ ಎನ್ನುತ್ತಾಳೆ. ಪದಶಃ ಅನುವಾದಿಸಿದರೆ ಕೆಡುತ್ತದೆ, ಏಕೆಂದರೆ ಕನ್ನಡದಲ್ಲಿ ಜೀವ ಬಾಯಿಗೆ ಬರುವುದು ಹೆದರಿದವನಿಗೆ, ಅವಳಿಗೆ ಹೆದರಿಕೆಯಿಲ್ಲ. ಅವಳ ಒಲವು ತೂಕವಾಗಿದೆ, ನಾಲಿಗೆಗೆ ಅಷ್ಟು ತ್ರಾಣವಿಲ್ಲ. ‘ಎದೆಯಲ್ಲಿರುವುದನ್ನು ನಾಲಿಗೆಯ ಮೇಲೆ ಹೊತ್ತು ತರಲಾರೆ’ ಎಂದು ನಾನು ಬರೆದುಕೊಂಡಿದ್ದೇನೆ. ಎಸೆಯುವ, ಮೇಲಕ್ಕೆ ನೂಕುವ ಅಂಶ ಇದರಲ್ಲಿ ಬಂದಿಲ್ಲ, ಭಾರ ಬಂದಿದೆ. ಎರಡರಲ್ಲಿ ಒಂದನ್ನು ಬಿಡಲೇಬೇಕಾದಾಗ ನಾನು ಭಾರವನ್ನು ಉಳಿಸಿಕೊಳ್ಳುತ್ತೇನೆ.

ಇಂಗ್ಲಿಷ್–ಕನ್ನಡ ನಿಘಂಟು ನಿಮಗೆ ಬಾಗಿಲು ತೋರಿಸುತ್ತದೆ, ಒಳಗಿನ ಸಾಮಾನು ಸಿಗುವುದು ಕನ್ನಡದಿಂದ ಹೊರಡುವ ಕೋಶಗಳಲ್ಲಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕೋಶವನ್ನು ದಿನಕ್ಕೆರಡು ಪುಟ ಓದಿ. ತಿಣುಕು, ಹೆಣಗು, ಏಗು, ತೇಕು, ಮೀಟು ಇವುಗಳಲ್ಲಿ ಮೈಯ ಯಾವ ಭಾಗ ದುಡಿಯುತ್ತದೆ ಎಂದು ಗುರುತು ಹಾಕಿಕೊಳ್ಳಿ.

ಕೊನೆಯದಾಗಿ, ಮೂರನೆಯ ಅಧ್ಯಾಯದಲ್ಲಿ ನಾವಿಕರು ಕೂಗುವ ‘ಹೀವ್ ಹೋ’ಗೆ ನೀವು ‘ಐಲೇಸಾ’ ಹಾಕಿದ್ದೀರಿ. ಆಸೆ ನನಗೆ ಅರ್ಥವಾಗುತ್ತದೆ, ಆದರೆ ‘ಐಲೇಸಾ’ ಎಂದ ಕೂಡಲೇ ಓದುಗನ ಕಣ್ಣಿಗೆ ಮಲ್ಪೆಯ ಮರಳು, ಕೈರಂಪಣಿಯ ಬಲೆ ಬಂದುಬಿಡುತ್ತವೆ, ಇಂಗ್ಲಿಷ್ ನಾವಿಕರು ಮರೆಯಾಗುತ್ತಾರೆ. ಅವರ ಕೂಗನ್ನು ಅವರ ಬಾಯಲ್ಲೇ ಇರಿಸಿ. ಎಳೆದು ಹೇಳುವ ‘ಹೀವ್’ನಲ್ಲಿ ಎಲ್ಲರೂ ಕಸುವು ಕೂಡಿಸಿಕೊಳ್ಳುತ್ತಾರೆ, ಮೊಟಕಾದ ‘ಹೋ’ದಲ್ಲಿ ಒಟ್ಟಿಗೆ ಹಾಕುತ್ತಾರೆ. ನಿಮ್ಮ ವಾಕ್ಯವೂ ಅಲ್ಲಿ ಉದ್ದವಾಗಿ ಸಾಗಿ, ಕ್ರಿಯಾಪದದ ಹತ್ತಿರ ಥಟ್ಟನೆ ಮುಗಿಯುವಂತಿದ್ದರೆ ಸಾಕು. ಆ ಅಧ್ಯಾಯವನ್ನು ತಿದ್ದಿದ ಮೇಲೆ ಮತ್ತೆ ಕಳಿಸಿ, ಗಟ್ಟಿಯಾಗಿ ಓದಿ ನೋಡುತ್ತೇನೆ.

ಇತಿ,
ನಿಮ್ಮ ವಿಶ್ವಾಸಿ