ಉಪ್ಪುನೀರಿನಲ್ಲಿ ಕೈಬಿಡದವರಿಗೆ

ಹೋದ ವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಫೋನ್ ಮಾಡಿದವರಿಗೆಲ್ಲ ಥ್ಯಾಂಕ್ಸ್ ಅಂದೆ, ಆದರೆ ಅಷ್ಟು ಸಾಲದು ಅನ್ನಿಸಿ ತೀರ್ಥಹಳ್ಳಿ ಮನೆಯ ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಏನು ಓದಿದೆ ಅಂತ ಊರಲ್ಲಿ ಕೇಳುತ್ತಿರುತ್ತಾರೆ. ತಲೆಗೆ ಪೆಟ್ಟು ಬಿದ್ದವರ ಮೆದುಳಿನ ಒತ್ತಡ ಅಳೆಯಲು ಒಳಗೇ ಇಡುವ ಸಿಲಿಕಾನ್ ಸೆನ್ಸರ್ ನನ್ನ ಕೆಲಸ. ಸಾಸಿವೆಕಾಳಿನಷ್ಟು ಚಿಪ್, ಅದರಲ್ಲಿ ಕೂದಲಿಗಿಂತ ತೆಳುವಾದ ಪೊರೆ. ಒತ್ತಡಕ್ಕೆ ಪೊರೆ ಬಗ್ಗುತ್ತದೆ, ಬಗ್ಗಿದರೆ ಅದರ ಮೇಲಿನ ನಾಲ್ಕು ರೆಸಿಸ್ಟರ್‌ಗಳು ಕರೆಂಟನ್ನು ತಡೆಯುವ ಪ್ರಮಾಣ ಬದಲಾಗುತ್ತದೆ. ಸಿಲಿಕಾನ್‌ನ ಈ ಗುಣವನ್ನು ವಿಜ್ಞಾನಿ ಚಾರ್ಲ್ಸ್ ಸ್ಮಿತ್ 1954ರಲ್ಲೇ ತೋರಿಸಿದ್ದರು. ಅಳೆಯುವುದು ಕಷ್ಟವಲ್ಲ. ಮೈಯೊಳಗಿನ ಉಪ್ಪುನೀರಿನಲ್ಲಿ ದಿನಗಟ್ಟಲೆ ಇದ್ದೂ ಸರಿಯಾದ ಲೆಕ್ಕ ಕೊಡುವುದೇ ಕಷ್ಟ.

ಎರಡನೇ ವರ್ಷ 37 ಡಿಗ್ರಿ ಉಪ್ಪುನೀರಿನಲ್ಲಿಟ್ಟ ಚಿಪ್‌ಗಳು ಒಂದೊಂದಾಗಿ ಕೆಟ್ಟವು. ಒತ್ತಡ ಹಾಗೇ ಇದ್ದರೂ ರೀಡಿಂಗ್ ದಿನಾ ಸರಿಯುತ್ತಿತ್ತು. ಬಿಟ್ಟುಬಿಡುತ್ತೇನೆ ಅಂತ ಬ್ಯಾಗ್ ಕಟ್ಟಿಕೊಂಡು ಊರಿಗೆ ಬಂದೆ. ಆಷಾಢದ ಮಳೆ. ಅಮ್ಮ ಒಂದು ಮಾತೂ ಕೇಳಲಿಲ್ಲ, ಹತ್ತು ದಿನ ಮಲಗಲು ಬಿಟ್ಟಳು. ಆಮೇಲೆ ಒಲೆ ಮುಂದೆ ಕೂತಿದ್ದಾಗ ಸುಮ್ನೆ ಕೇಳಿದಳು, "ಆ ಸಾಸಿವೆಕಾಳು ಏನಾಯ್ತೇ?" ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ.

ವಾಪಸ್ ಹೋಗಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಚಿಪ್‌ನ ಅಂಚಿನಲ್ಲಿ ಚಿಮುಟ ಹಿಡಿದ ಗೀರು! ನೀರು ತಡೆಯುವ ಪ್ಯಾರಿಲೀನ್ ಲೇಪ ಅಲ್ಲೇ ಕಿತ್ತಿತ್ತು. ಶಿವಮೊಗ್ಗದ ಗಾಂಧಿ ಬಜಾರಿನ ವಾಚ್ ರಿಪೇರಿ ಅಜ್ಜ ನನ್ನ ಚಿಮುಟದ ತುದಿಯನ್ನು ಸಾಣೆಕಲ್ಲಿನ ಮೇಲೆ ಉಜ್ಜಿ ಉಜ್ಜಿ ನುಣ್ಣಗೆ ಮಾಡಿಕೊಟ್ಟರು. "ಒತ್ತಬೇಡ ಮಗಾ, ತಾಗಿಸಿದರೆ ಸಾಕು, ಅದೇ ಬರುತ್ತೆ" ಅಂದರು. ಒಂದು ಮಧ್ಯಾಹ್ನವಿಡೀ ಹಳೇ ವಾಚಿನ ತಿರುಪುಗಳನ್ನು ಎತ್ತಿಸಿ ಇಡಿಸಿದರು. ಅಜ್ಜ, ಆಮೇಲಿನ ಚಿಪ್‌ಗಳು ಕೆಡದೆ ಉಳಿದವು. ದುಡ್ಡೂ ತಗೊಳ್ಳಲಿಲ್ಲ ನೀವು.

ಇನ್ನು ನನ್ನ ಗೆಳತಿ, ಸೆನ್ಸರ್ ಸಮೇತ ನನ್ನನ್ನು ಕಾರಿನಲ್ಲಿ ಆಗುಂಬೆ ಘಾಟಿ ಎರಡು ಸಲ ಹತ್ತಿ ಇಳಿಸಿದವಳು. ಆರೋಗ್ಯವಂತರ ತಲೆಯೊಳಗಿನ ಒತ್ತಡ ಪಾದರಸದ ಲೆಕ್ಕದಲ್ಲಿ 7ರಿಂದ 15 ಮಿಲಿಮೀಟರ್. ಘಾಟಿಯ ಕೆಳಗಿನ ಸೋಮೇಶ್ವರಕ್ಕೆ ಇಳಿಯುವಷ್ಟರಲ್ಲಿ ಬರೀ ಗಾಳಿಯ ಒತ್ತಡವೇ ಸುಮಾರು 40 ಮಿಲಿಮೀಟರ್ ಏರಿತ್ತು. ಹೊರಗಿನ ಗಾಳಿಗೂ ಒಂದು ಸೆನ್ಸರ್ ಇಟ್ಟು ಅದರ ಲೆಕ್ಕವನ್ನು ಕಳೆಯದಿದ್ದರೆ ಎಲ್ಲ ತಪ್ಪಾಗುತ್ತದೆ ಅಂತ ಪುಸ್ತಕದಲ್ಲಿ ಓದಿದ್ದೆ, ಆ ತಿರುವುಗಳಲ್ಲಿ ಅಂಕಿ ಏರುವುದನ್ನು ಕಣ್ಣಾರೆ ನೋಡಿದೆ.

ನನ್ನ ಚಿಪ್ ಇನ್ನೂ ಯಾರ ತಲೆಯೊಳಗೂ ಹೋಗಿಲ್ಲ, ಅದಕ್ಕೆ ಪರೀಕ್ಷೆಗಳು ತುಂಬಾ ಇವೆ. ರಾತ್ರಿ ಪಾಳಿಯಲ್ಲಿ ಲ್ಯಾಬ್ ತೆರೆದುಕೊಟ್ಟ ಅಣ್ಣಂದಿರಿಗೆ, ಬೈಯದೆ ಕಾದ ಗೈಡ್‌ಗೆ, ಅಮ್ಮನಿಗೆ ಕೈಮುಗಿಯುತ್ತೇನೆ. ಅಜ್ಜ, ಭಾನುವಾರ ಅಂಗಡಿ ತೆಗೆಯುತ್ತೀರಲ್ವಾ? ಥೀಸಿಸ್ ತಗೊಂಡು ಬರುತ್ತೇನೆ.